ಹೆಪ್ಪಿನ ತಂಗಿ ಹುಳಿಹಿಟ್ಟು

ದಿನಾ ಹಾಲಿಗೆ ಹೆಪ್ಪು ಹಾಕುವ ಮನೆಗೆ ಹುಳಿಹಿಟ್ಟಿನಿಂದ ಉಬ್ಬಿಸುವ ಸೌರ್‌ಡೋ ಬ್ರೆಡ್ಡು ಹೊಸ ವಿದ್ಯೆಯೇನಲ್ಲ. 19ನೇ ಶತಮಾನದಲ್ಲಿ ಅಂಗಡಿಯ ಈಸ್ಟ್ ಬರುವ ತನಕ ಬ್ರೆಡ್ಡು ತಿನ್ನುವ ದೇಶಗಳವರು ಹಿಂದಿನ ದಿನ ಉಳಿಸಿದ ಹಿಟ್ಟಿನಿಂದಲೋ ಬಿಯರಿನ ನೊರೆಯಿಂದಲೋ ಕಣಕ ಉಬ್ಬಿಸುತ್ತಿದ್ದರು. ಆ ಉಳಿಸಿದ ಹಿಟ್ಟೇ ಈ ಹುಳಿಹಿಟ್ಟು.

ಗಾಜಿನ ಭರಣಿಯಲ್ಲಿ 50 ಗ್ರಾಂ ಗೋಧಿಹಿಟ್ಟು, 50 ಗ್ರಾಂ ನೀರು ಕಲಸಿ, ಒಂದು ಚಮಚ ಹಸಿ ರಾಗಿಹಿಟ್ಟು ಸೇರಿಸಿ. ಹುರಿಹಿಟ್ಟು ಬೇಡ, ಹುರಿದಾಗಲೇ ಅದರ ಜೀವ ಹೋಗಿರುತ್ತದೆ. ಬಾವಿ ನೀರಾದರೆ ಸರಿ. ನಲ್ಲಿ ನೀರಾದರೆ ಕ್ಲೋರಿನ್ ಹಾರಿಹೋಗಲು ರಾತ್ರಿಯಿಡೀ ತೆರೆದಿಡಿ. ಮುಚ್ಚಳ ಬಿಗಿಯಬೇಡಿ. ದಿನಕ್ಕೊಮ್ಮೆ 50 ಗ್ರಾಂ ಮಾತ್ರ ಉಳಿಸಿಕೊಂಡು ಅಷ್ಟೇ ಹಿಟ್ಟು, ಅಷ್ಟೇ ನೀರು ಉಣಿಸಿ. ಮೊದಲ ವಾರ ತೆಗೆದದ್ದು ಬಚ್ಚಲ ಪಾಲು. ಹದಕ್ಕೆ ಬಂದ ಮೇಲಿನದನ್ನು ದೋಸೆ ಹಿಟ್ಟಿಗೆ ಬೆರೆಸಬಹುದು.

ಎರಡು ಮೂರನೇ ದಿನ ಭರ್ತಿ ನೊರೆ ಬಂದು ಕೆಟ್ಟ ವಾಸನೆ ಹೊಡೆಯುತ್ತದೆ. ಆಯಿತು ಎಂದು ಹಿಗ್ಗಬೇಡಿ, ಅದು ಬೇರೆ ಸೂಕ್ಷ್ಮಜೀವಿಗಳ ಗಲಾಟೆ. ನಾಲ್ಕೈದನೇ ದಿನ ಎಲ್ಲ ತಣ್ಣಗಾಗುತ್ತದೆ. ಬಹಳ ಜನ ಸತ್ತಿತೆಂದು ಚೆಲ್ಲುವುದು ಆಗಲೇ. ಹುಳಿ ಏರಿ ಬೇಡದವು ಅಡಗಿದ ಮೇಲೆಯೇ ಈಸ್ಟ್ ಎದ್ದೇಳುವುದು. ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆಷಾಢದ ಮಳೆಯಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಎರಡು ವಾರವೂ ಹಿಡಿದೀತು. ಬಚ್ಚಲ ಒಲೆಯ ಹತ್ತಿರ ಇಡಿ, ಆದರೆ 40 ಡಿಗ್ರಿ ದಾಟಿದರೆ ಈಸ್ಟ್ ಸೊರಗುತ್ತದೆ. ಭರಣಿಗೆ ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡಿ. ಉಣಿಸಿದ ನಾಲ್ಕರಿಂದ ಆರು ತಾಸಿನಲ್ಲಿ ಎರಡರಷ್ಟಾಗುವುದು ಎರಡು ದಿನ ಸತತ ಕಂಡರೆ ಹದ ಬಂದಂತೆ.

ಮೇಲೆ ಬೂದು ನೀರು ನಿಂತರೆ, ನೇಲ್ ಪಾಲಿಶ್ ವಾಸನೆ ಬಂದರೆ ಅದಕ್ಕೆ ಹಸಿವು: ಒಂದು ಪಾಲಿಗೆ ಎರಡು ಪಾಲು ಹಿಟ್ಟು, ಎರಡು ಪಾಲು ನೀರು ಕೊಡಿ. ಗುಲಾಬಿ, ಕಿತ್ತಳೆ ಗೆರೆ ಅಥವಾ ಬೂಸಲು ಕಂಡರೆ ಮೇಲೆ ಮೇಲೆ ಕೆರೆದು ಉಳಿಸುವ ಜಿಪುಣತನ ಬೇಡ, ಪೂರ್ತಿ ಚೆಲ್ಲಿ. ಚಪ್ಪಲಿಗೂ ಬೂಸಲು ಹಿಡಿಯುವ ಮಲೆನಾಡಿನಲ್ಲಿ ಪ್ರತಿ ಸಲವೂ ಭರಣಿ ಬದಲಿಸಿ.

ಬ್ರೆಡ್ಡಿಗೆ 350 ಗ್ರಾಂ ಮೈದಾ, 150 ಗ್ರಾಂ ಗೋಧಿಹಿಟ್ಟು, 325 ಗ್ರಾಂ ನೀರು ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ 100 ಗ್ರಾಂ ಹುಳಿಹಿಟ್ಟು, 10 ಗ್ರಾಂ ಉಪ್ಪು. ಅರ್ಧ ಗಂಟೆಗೊಮ್ಮೆ ನಾಲ್ಕು ಸಲ ಅಂಚು ಎಳೆದು ಮಡಚಿ. ಕಣಕ ಉಬ್ಬಲು ಹೊರಗೆ 28 ಡಿಗ್ರಿ ಇದ್ದರೆ ನಾಲ್ಕೈದು ತಾಸು, 20 ಇದ್ದರೆ ಎಂಟು ಹತ್ತು. ಗಡಿಯಾರ ಬಿಟ್ಟು ಕಣಕ ನೋಡಿ. ಒಂದೂವರೆಯಷ್ಟಾದಾಗ ಉಂಡೆ ಕಟ್ಟಿ, ಬಟ್ಟೆ ಹಾಸಿದ ಬಟ್ಟಲಲ್ಲಿ ಫ್ರಿಜ್ಜಿನಲ್ಲಿ ರಾತ್ರಿ ಇಡಿ. ಮರುದಿನ ಓವನ್ನಿನಲ್ಲಿ 230 ಡಿಗ್ರಿಗೆ ಚೆನ್ನಾಗಿ ಕಾದ, ಮುಚ್ಚಳವಿರುವ ಕಬ್ಬಿಣದ ಪಾತ್ರೆಯಲ್ಲಿ ಮುಚ್ಚಿ 25 ನಿಮಿಷ, ತೆರೆದು 20 ನಿಮಿಷ ಬೇಯಿಸಿ. ಹುದುಗು ಹೆಚ್ಚಾದರೆ ರೊಟ್ಟಿಯಂತೆ ಚಪ್ಪಟೆ. ಕಡಿಮೆಯಾದರೆ ಮೇಲೆ ದೊಡ್ಡ ಪೊಟರೆ, ಕೆಳಗೆ ಅಂಟು. ಒಂದು ತಾಸು ಆರದೆ ಕೊಯ್ಯಬೇಡಿ. ರಾಗಿಯನ್ನು ಹೆಚ್ಚು ಸುರಿದರೆ ಹುಳಿ ಬರುತ್ತದೆ, ಉಬ್ಬು ನಿಲ್ಲುವುದಿಲ್ಲ, ಅದರಲ್ಲಿ ಕಣಕಕ್ಕೆ ಜಿಗುಟು ಕೊಡುವ ಗ್ಲುಟೆನ್ ಇಲ್ಲ.

ದಿನಾ ಬ್ರೆಡ್ಡು ಬೇಡದವರು ಭರಣಿಯನ್ನು ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಉಣಿಸಿದರೆ ಸಾಕು. ಶುಕ್ರವಾರ ದೇವರಿಗೆ ದೀಪ ಹಚ್ಚಿದ ಕೈಯಲ್ಲೇ ಉಣಿಸುವ ಪದ್ಧತಿ ಇಟ್ಟುಕೊಳ್ಳಿ, ಮರೆಯುವುದಿಲ್ಲ. ಮಡಿ ಎಂದರೆ ಇಲ್ಲಿ ಒಣಗಿದ ಶುಚಿ ಚಮಚ. ಮೊಸರಿನ ಸೌಟು ಅದ್ದಬೇಡಿ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡದ ಮನೆಯವರು ಇದನ್ನೂ ಬೆಳಿಗ್ಗೆ ಕೊಡಲಿ, ತಪ್ಪೇನಿಲ್ಲ. ಆದರೆ ನೂರು ವರ್ಷದ್ದೆಂದು ಯಾರಾದರೂ ಕೊಟ್ಟರೆ ಅದೇ ಜೀವಿಗಳು ಹಾಗೇ ಉಳಿಯುತ್ತವೆ ಎಂದುಕೊಳ್ಳಬೇಡಿ. ನಿಮ್ಮ ಹಿಟ್ಟು, ನಿಮ್ಮ ಅಡುಗೆಮನೆಯ ಸೆಕೆ ಚಳಿಗೆ ತಕ್ಕವು ಬರಬರುತ್ತಾ ಸೇರಿಕೊಳ್ಳುತ್ತವೆ. ಹಿರಿಯರಿಂದ ಬರುವುದು ತಪ್ಪದೆ ಉಣಿಸುವ ರೂಢಿ.

ಆಪತ್ತಿಗೆಂದು ಉಬ್ಬಿದ ಹುಳಿಹಿಟ್ಟನ್ನು ತಟ್ಟೆಗೆ ತೆಳ್ಳಗೆ ಸವರಿ, ಫ್ಯಾನಿನ ಕೆಳಗೆ ಗರಿಗರಿ ಒಣಗಿಸಿ, ಪುಡಿ ಮಾಡಿ ಡಬ್ಬಿಯಲ್ಲಿಡಿ, ಬಿಸಿಲಿಗೆ ಬೇಡ. ಬೆಂಗಳೂರಿಗೆ ಹೊರಟ ಮಗಳಿಗೂ ಇದನ್ನೇ ಪೊಟ್ಟಣ ಕಟ್ಟಿಕೊಡಬಹುದು. ಒಂದು ಚಮಚ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಟ್ಟು ಕೂಡಿಸಿ ದಿನಾ ಉಣಿಸಿದರೆ ಮೂರು ನಾಲ್ಕು ದಿನಕ್ಕೆ ಮತ್ತೆ ಉಬ್ಬುತ್ತದೆ.