ಯಾವ ನಶೆ, ಎಲ್ಲಿ ಅಪಾಯ: ಮನೆಯವರಿಗೊಂದು ಕೈಪಿಡಿ

ಮನೆಯಲ್ಲಿ ಒಬ್ಬರು ನಶೆಗೆ ಬಿದ್ದಿದ್ದಾರೆಂದು ಗೊತ್ತಾದ ದಿನ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಇವತ್ತೇ ಬಿಡಿಸಬೇಕು.’ ಗಾಂಜಾ ಸೇದುವವನ ವಿಷಯದಲ್ಲಿ ಈ ಮಾತು ನಡೆಯುತ್ತದೆ. ಇಪ್ಪತ್ತು ವರ್ಷದಿಂದ ದಿನಾ ಕ್ವಾರ್ಟರ್ ಹಾಕುವವರಿಗೆ ಇದೇ ಮಾತು ಪ್ರಾಣಕ್ಕೆ ಕುತ್ತು. ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಬಿಡುವವನಿಗೆ ಬಿಡುವ ದಿನಗಳಲ್ಲಿ ನರಳಾಟ ಹೆಚ್ಚು, ಜೀವಾಪಾಯ ಕಡಿಮೆ; ಬಿಟ್ಟು ತಿಂಗಳಾದ ಮೇಲೆ ಮತ್ತೆ ಮುಟ್ಟುವ ದಿನವೇ ಅವನಿಗೆ ಗಂಡಾಂತರ. ಹಾಗಾಗಿ ಮೊದಲು ತಿಳಿದುಕೊಳ್ಳಬೇಕಾದದ್ದು ಮೂರು: ಯಾವ ಪದಾರ್ಥ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ.

‘ಏನಾದ್ರೂ ತಗೊಂಡಿದ್ದೀಯಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಕೊನೆಗೆ ತಗೊಂಡಿದ್ದು ನಿನ್ನೆನಾ, ಮೊನ್ನೆನಾ?’ ಎಂದು ತಣ್ಣಗೆ ಕೇಳಿ. ಖಾಲಿ ಮಾತ್ರೆ ಸ್ಟ್ರಿಪ್, ಸಿರಪ್ ಬಾಟಲಿ ಸಿಕ್ಕಿದರೆ ಸಿಟ್ಟಿನಲ್ಲಿ ಬಿಸಾಡಬೇಡಿ. ಆಸ್ಪತ್ರೆಯಲ್ಲಿ ಅದೇ ದೊಡ್ಡ ಸುಳಿವು.

ಕಣ್ಣು ನೋಡಿ ಗುರುತು ಹಿಡಿಯುವುದು

ಎದುರಿಗೆ ಕೂರಿಸಿ, ಸಾಧಾರಣ ಬೆಳಕಿನಲ್ಲಿ ಎರಡೂ ಕಣ್ಣಿನ ಪಾಪೆ ನೋಡಿ. ಹೆರಾಯಿನ್, ಬ್ರೌನ್ ಶುಗರ್‌ನಂಥ ಅಫೀಮು ಜಾತಿಯವುಗಳಲ್ಲಿ ಪಾಪೆ ಗುಂಡುಸೂಜಿಯ ತಲೆಯಷ್ಟು ಸಣ್ಣದಾಗಿ, ಮಬ್ಬು ಕೋಣೆಯಲ್ಲೂ ಹಿಗ್ಗದೆ ಹಾಗೇ ಇರುತ್ತದೆ. ಕೊಕೇನ್, ಎಂಡಿಎಂಎ (ಎಕ್ಸ್‌ಟಸಿ), ಐಸ್ (ಮೆಥಾಂಫೆಟಮಿನ್), ಎಲ್ಎಸ್‌ಡಿಯಲ್ಲಿ ಉಲ್ಟಾ: ಪಾಪೆ ಅಗಲವಾಗಿ, ಕಪ್ಪೇ ಹೆಚ್ಚಾಗಿ ಕಾಣುತ್ತದೆ. ಗಾಂಜಾದಲ್ಲಿ ಬಿಳಿಗುಡ್ಡೆ ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ಹಸಿವು ಕಿತ್ತು ತಿನ್ನುತ್ತದೆ. ಹುಡುಗನ ಜೇಬಿನಲ್ಲಿ ಸದಾ ಐ ಡ್ರಾಪ್ಸ್ ಇದ್ದರೆ ಅದರ ಕಾರಣ ಇದೂ ಇರಬಹುದು. ನಿದ್ದೆ ಮಾತ್ರೆ ನುಂಗಿದವರು ಕುಡಿದವರಂತೆಯೇ ತೂರಾಡುತ್ತಾರೆ, ನಾಲಿಗೆ ತೊದಲುತ್ತದೆ, ಆದರೆ ಬಾಯಲ್ಲಿ ವಾಸನೆ ಇರುವುದಿಲ್ಲ. ವೈಟ್ನರ್, ಥಿನ್ನರ್, ಪಂಕ್ಚರ್ ಸೊಲ್ಯೂಷನ್ ಮೂಸುವ ಮಕ್ಕಳ ಕರ್ಚೀಫು, ತೋಳುಗಳಲ್ಲಿ ಪೇಂಟಿನ ವಾಸನೆ. ಮೂಗು–ಬಾಯಿ ಸುತ್ತ ಸಣ್ಣ ಹುಣ್ಣು.

ಒಂದು ಎಚ್ಚರ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೂ ತೊದಲು, ತೂರಾಟ, ಸಿಡುಕು ಎಲ್ಲವೂ ಬರುತ್ತವೆ. ಒಂದು ಪಾಪೆ ದೊಡ್ಡದು, ಇನ್ನೊಂದು ಚಿಕ್ಕದು ಎಂದು ಹೊಸದಾಗಿ ಕಂಡರೆ ಅದನ್ನು ನಶೆ ಅಂದುಕೊಳ್ಳಬೇಡಿ. ತಲೆಗೆ ಪೆಟ್ಟು ಬಿದ್ದಿರಬಹುದು. ‘ಕುಡಿದು ಬಿದ್ದಿದ್ದಾನೆ, ಮಲಗಲಿ ಬಿಡು’ ಎಂದು ಬಿಟ್ಟು ಬೆಳಗ್ಗೆ ಕಳೆದುಕೊಳ್ಳುವುದು ಹೀಗೆಯೇ.

ಮೂತ್ರ ಪರೀಕ್ಷೆಯ ಕಿಟ್ ನಂಬುವುದಕ್ಕೂ ಮಿತಿ ಇದೆ. ಗಾಂಜಾ ಒಂದು ಸಲ ಸೇದಿದ್ದರೆ ಸುಮಾರು 3 ದಿನ, ದಿನವೂ ಸೇದುವವರಲ್ಲಿ ತಿಂಗಳವರೆಗೂ ತೋರಿಸುತ್ತದೆ. ಟ್ರಮಡಾಲ್, ಟಪೆಂಟಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆಗಳು ಮಾರ್ಫಿನ್ ಹುಡುಕುವ ಮಾಮೂಲಿ ಸ್ಟ್ರಿಪ್‌ನಲ್ಲಿ ಸಾಮಾನ್ಯವಾಗಿ ಸಿಗುವುದೇ ಇಲ್ಲ. ರಿಪೋರ್ಟ್ ನೆಗೆಟಿವ್ ಎಂದ ಮಾತ್ರಕ್ಕೆ ಏನೂ ಇಲ್ಲ ಎಂದಲ್ಲ.

ಮದ್ಯ: ಬಿಡುವಾಗಲೇ ಅಪಾಯ

ಏಮ್ಸ್ 2019ರಲ್ಲಿ ಕೊಟ್ಟ ರಾಷ್ಟ್ರೀಯ ಸಮೀಕ್ಷೆಯ ವರದಿಯಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಗಾಂಜಾ–ಭಂಗಿ ಬಳಸುವವರು 3.1 ಕೋಟಿ, ಅಫೀಮು ಜಾತಿಯವನ್ನು ಬಳಸುವವರು 2.26 ಕೋಟಿ. ಸುದ್ದಿಯಾಗುವುದು ಎಂಡಿಎಂಎ, ವಾರ್ಡು ತುಂಬಿಸುವುದು ಕ್ವಾರ್ಟರ್.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಆಲ್ಕೊಹಾಲ್ 42.8%. ಅಂದರೆ 180 ಎಂಎಲ್ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ. 8% ಇರುವ 650 ಎಂಎಲ್ ಸ್ಟ್ರಾಂಗ್ ಬಿಯರ್‌ನಲ್ಲಿ 40 ಗ್ರಾಂ. ‘ಬಿಯರ್ ತಾನೇ’ ಎನ್ನುವವರು ಗಮನಿಸಿ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಮ್ಮಿ 7ರಿಂದ 10 ಗ್ರಾಂ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿದವರು ಬೆಳಗಿನ ಜಾವ ಬೈಕ್ ಹತ್ತಿದರೆ ಇನ್ನೂ ಕುಡಿದೇ ಓಡಿಸಿದಂತೆ.

ವರ್ಷಗಟ್ಟಲೆ ಕುಡಿತಕ್ಕೆ ಒಗ್ಗಿದ ಮಿದುಳು ಮದ್ಯದ ಮಂಕನ್ನು ಮೀರಿ ಕೆಲಸ ಮಾಡಲು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಬ್ರೇಕ್ ಒಮ್ಮೆಲೇ ತೆಗೆದರೆ ಆ ವೇಗ ಲಂಗುಲಗಾಮಿಲ್ಲದೆ ಓಡುತ್ತದೆ. ಕೊನೆಯ ಪೆಗ್ ಆಗಿ 6–8 ಗಂಟೆಗೆ ಕೈ ನಡುಕ, ಬೆವರು, ವಾಂತಿ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4ನೇ ದಿನದಲ್ಲಿ ಕೆಲವರಿಗೆ ಡೆಲಿರಿಯಂ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ಜತೆ ಮಾತಾಡುತ್ತಾರೆ, ಜ್ವರ ಏರುತ್ತದೆ, ಹಗಲು ರಾತ್ರಿಯ ಅರಿವಿರುವುದಿಲ್ಲ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೋಗುವ ಹೊತ್ತಿಗೆ ಜೀವ ಹೋದರೂ ಹೋಯಿತು.

ಇದು ಹೆಚ್ಚಾಗಿ ಎರಡು ಸಂದರ್ಭದಲ್ಲಿ ಎದುರಾಗುತ್ತದೆ. ಒಂದು, ಅಯ್ಯಪ್ಪ ಮಾಲೆ ಹಾಕಿಕೊಂಡ ಮೊದಲ ವಾರ. ಇನ್ನೊಂದು, ಕಾಲು ಮುರಿದು ಆಸ್ಪತ್ರೆ ಸೇರಿದ ಮೂರನೇ ದಿನ. ವ್ರತ ಮಾಡಬೇಡಿ ಎಂದಲ್ಲ; ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ನೈಂಟಿ ಹಾಕಿದ ಮೇಲೆಯೇ ನಿಲ್ಲುವವರು, ಹಿಂದೆ ಫಿಟ್ಸ್ ಬಂದವರು ಮಾಲೆಗೆ ಮುಂಚೆ ವೈದ್ಯರನ್ನು ಕಾಣಬೇಕು. ಆಪರೇಷನ್‌ಗೆ ಸೇರಿಸುವಾಗ ಮರ್ಯಾದೆ ನೋಡದೆ ‘ದಿನಾ ಇಷ್ಟು ಕುಡೀತಾರೆ’ ಎಂದು ಸರ್ಜನ್‌ಗೆ, ಅರಿವಳಿಕೆ ವೈದ್ಯರಿಗೆ ಇಬ್ಬರಿಗೂ ಹೇಳಬೇಕು. ವೈದ್ಯರು ಡಯಾಜೆಪಾಮ್ ಜಾತಿಯ ಮಾತ್ರೆಯನ್ನು ಸಾಮಾನ್ಯವಾಗಿ 5–7 ದಿನಗಳಲ್ಲಿ ಇಳಿಸುತ್ತಾ ಬಂದು ಈ ಹಂತ ದಾಟಿಸುತ್ತಾರೆ. ಆಸ್ಪತ್ರೆ ತಲುಪುವ ಮುಂಚೆ ಮನೆಯವರೇ ಬಾಟಲಿ ಚರಂಡಿಗೆ ಸುರಿದು ಒಮ್ಮೆಲೇ ನಿಲ್ಲಿಸುವುದು ಬೇಡ.

‘ಎರಡು ಬಾಟ್ಲು ಗ್ಲೂಕೋಸ್ ಹಾಕಿಸಿದ್ರೆ ಸರಿಹೋಗ್ತಾನೆ’ ಎಂಬುದು ಊರೂರಿನ ಮಾತು. ಹೆಚ್ಚು ಕುಡಿದು ಸರಿಯಾಗಿ ಊಟ ಮಾಡದವರ ದೇಹದಲ್ಲಿ ಬಿ1 ಜೀವಸತ್ವ (ಥಯಮಿನ್) ಬರಿದಾಗಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಹಾನಿಯಾಗಬಹುದು. ಕಣ್ಣುಗುಡ್ಡೆ ನೆಟ್ಟಗೆ ಹೊರಳದೆ, ಕಾಲು ಅಡ್ಡಾದಿಡ್ಡಿಯಾಗಿ, ಮನಸ್ಸು ಗೊಂದಲವಾಗಿ, ಕಡೆಗೆ ಹೊಸ ವಿಷಯ ನೆನಪಿನಲ್ಲಿ ನಿಲ್ಲದ ಸ್ಥಿತಿ ಅದು. ಡ್ರಿಪ್ ಹಾಕುವ ಮುಂಚೆ ‘ಥಯಮಿನ್ ಇಂಜೆಕ್ಷನ್ ಕೊಟ್ಟಿದ್ದೀರಾ?’ ಎಂದು ಕೇಳುವುದು ನಿಮ್ಮ ಹಕ್ಕು.

ಇನ್ನು ಅವರಿಗೆ ಗೊತ್ತಾಗದಂತೆ ಸಾರಿಗೆ ಬೆರೆಸುವ ಕುಡಿತ ಬಿಡಿಸುವ ಪುಡಿ, ಮಾತ್ರೆ. ಇವುಗಳಲ್ಲಿ ಇರಬಹುದಾದ ಡೈಸಲ್ಫಿರಾಮ್ ಎಂಬ ಔಷಧಿ ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ, ಸಾವೂ ಆಗಿದೆ. ಗೊತ್ತಿದ್ದು ಒಪ್ಪಿ ತೆಗೆದುಕೊಂಡರೆ ಅದು ಒಳ್ಳೆಯ ಔಷಧಿ. ಕದ್ದು ಹಾಕಿದರೆ ವಿಷ. ನಿಲ್ಲಿಸಿದ ಮೇಲೂ ಅದರ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು.

ನಿದ್ದೆ ಮಾತ್ರೆಗಳೂ ಇದೇ ಸಾಲಿನವು. ಆಲ್ಪ್ರಜೋಲಾಮ್, ನೈಟ್ರಜೆಪಾಮ್ ತಿಂಗಳುಗಟ್ಟಲೆ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ, ವೈದ್ಯರ ಕೈಯಲ್ಲೇ ಇಳಿಸಬೇಕು. ಮದ್ಯದ ಜತೆ ಸೇರಿದರೆ ಎರಡೂ ಕೂಡಿ ಉಸಿರನ್ನು ಅಡಗಿಸುತ್ತವೆ.

ಅಫೀಮು ಜಾತಿ: ಉಸಿರು ಎಣಿಸಿ

ಹೆರಾಯಿನ್, ಬ್ರೌನ್ ಶುಗರ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ಟಪೆಂಟಡಾಲ್. ಟ್ರಮಡಾಲ್ 2018ರಿಂದ ಮಾದಕವಸ್ತು ಕಾನೂನಿನಡಿ ಬಂದಿದೆ. ನೋವಿನ ಮಾತ್ರೆಯೇ ಆದರೂ ಹೆಚ್ಚಾದರೆ ಫಿಟ್ಸ್ ತರುತ್ತದೆ. ಇವುಗಳಿಂದ ಮನಸ್ಸಿಗೆ ಬೆಚ್ಚಗಿನ ಮಂಪರು, ದೇಹಕ್ಕೆ ಮಲಬದ್ಧತೆ, ತುರಿಕೆ, ತೂಕಡಿಕೆ. ಮಾತ್ರೆ ನುಂಗಲೆಂದು ಮಾಡಿದ್ದು, ಚುಚ್ಚಿಕೊಳ್ಳಲು ಅಲ್ಲ. ಅದರೊಳಗಿನ ಟಾಲ್ಕ್, ಪಿಷ್ಟ ನೀರಿನಲ್ಲಿ ಕರಗುವುದಿಲ್ಲ. ರಕ್ತಕ್ಕೆ ಸೇರಿದರೆ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡು ಕೈ ಊದಿ, ಕೀವಾಗಿ, ಬೆರಳು ಕತ್ತರಿಸುವವರೆಗೂ ಹೋಗುತ್ತದೆ. ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರನ್ನೂ ಪರೀಕ್ಷಿಸಬೇಕು.

ಹೆರಾಯಿನ್ ನಿಲ್ಲಿಸಿದ 8–12 ಗಂಟೆಗೆ ಆಕಳಿಕೆ, ಮೂಗು ಸೋರುವುದು, ರೋಮಾಂಚನ, ಕಾಲು ಸೆಳೆತ, ಭೇದಿ ಶುರುವಾಗಿ, 2–3ನೇ ದಿನ ತಾರಕಕ್ಕೇರಿ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಆಮೇಲೆ ದೇಹ ಹಳೆಯ ಅಳತೆಯನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ವ್ಯಸನಮುಕ್ತಿ ಕೇಂದ್ರದಿಂದ, ಜೈಲಿನಿಂದ ಹೊರಬಂದವರು ಹಳೇ ಅಳತೆಯಲ್ಲೇ ತೆಗೆದುಕೊಂಡಾಗ ಉಸಿರು ನಿಲ್ಲುವುದು ಇದಕ್ಕೇ.

ಅಳತೆ ಮೀರಿರುವುದರ ಗುರುತು: ಗುಂಡುಸೂಜಿ ಪಾಪೆ, ಕರೆದರೂ ಏಳದಿರುವುದು, ಗೊರಗೊರ ಸದ್ದು, ತುಟಿ–ಉಗುರು ನೀಲಿ. ಎದೆ ಏರಿಳಿಯುವುದನ್ನು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಆರೋಗ್ಯವಂತರಿಗೆ ನಿಮಿಷಕ್ಕೆ 12–20. ಹತ್ತಕ್ಕಿಂತ ಕೆಳಗಿದ್ದರೆ ತಡಮಾಡಬೇಡಿ.

1. ಹೆಸರು ಹಿಡಿದು ಜೋರಾಗಿ ಕರೆಯಿರಿ, ಎದೆಮೂಳೆಯನ್ನು ಗೆಣ್ಣಿನಿಂದ ಒತ್ತಿ ಉಜ್ಜಿ. ಅಲುಗದಿದ್ದರೆ 108ಕ್ಕೆ ಕರೆ ಮಾಡಿ, ಫೋನ್ ಸ್ಪೀಕರ್‌ನಲ್ಲಿಡಿ.
2. ಬಾಯಲ್ಲಿ ಕಾಣುವ ವಾಂತಿ, ಗುಟ್ಕಾ ತೆಗೆಯಿರಿ. ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ. ನಾಲಿಗೆ ಹಿಂದೆ ಬಿದ್ದಿದ್ದರೆ ದಾರಿ ತೆರೆಯುತ್ತದೆ.
3. ಉಸಿರು ತೀರಾ ಕಡಿಮೆ ಇದ್ದರೆ ಮೂಗು ಹಿಡಿದು ಬಾಯಿಂದ 5–6 ಸೆಕೆಂಡಿಗೊಂದು ಉಸಿರು ಕೊಡಿ, ಎದೆ ಉಬ್ಬುವಷ್ಟು ಮಾತ್ರ. ಉಸಿರು ಪೂರ್ತಿ ನಿಂತು ಜೀವದ ಲಕ್ಷಣವೇ ಇಲ್ಲದಿದ್ದರೆ ಎದೆಯ ನಡುವೆ 5–6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100–120ರಂತೆ ಒತ್ತಿ.
4. ಉಸಿರು ಸರಿಯಾಗಿದ್ದು ಎಚ್ಚರವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ, ಮೇಲಿನ ಮಂಡಿ ಮಡಚಿ ಮುಂದಕ್ಕಿಡಿ, ಕೆನ್ನೆಯ ಕೆಳಗೆ ಅವರದೇ ಕೈ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ.

ಮಜ್ಜಿಗೆ, ನಿಂಬೆರಸ, ಉಪ್ಪುನೀರು ಕುಡಿಸುವುದು, ತಣ್ಣೀರು ಸುರಿಯುವುದು ಬೇಡ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದೂ, ಹಲ್ಲಿನ ನಡುವೆ ಚಮಚ ತುರುಕುವುದೂ ಬೇಡ. ಆಸ್ಪತ್ರೆಯಲ್ಲಿ ಅಫೀಮು ಜಾತಿಯ ನಶೆ ಇಳಿಸುವ ನಲೋಕ್ಸೋನ್ ಔಷಧಿ ಕೊಟ್ಟರೆ ನಿಮಿಷಗಳಲ್ಲಿ ಕಣ್ಣು ಬಿಡುತ್ತಾರೆ, ‘ಮನೆಗೆ ಹೋಗೋಣ’ ಎನ್ನುತ್ತಾರೆ. ಹೋಗಬೇಡಿ. ನಲೋಕ್ಸೋನ್ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ. ನಶೆ ಅದಕ್ಕಿಂತ ಹೆಚ್ಚು ಹೊತ್ತು ಉಳಿದು ಉಸಿರನ್ನು ಮತ್ತೆ ಅಡಗಿಸಬಹುದು.

ಉಳಿದವು

ಕೊಕೇನ್, ಎಂಡಿಎಂಎ, ಐಸ್, ಮೆಫೆಡ್ರೋನ್ ಹೃದಯವನ್ನೂ ಮನಸ್ಸನ್ನೂ ಓಡಿಸುವಂಥವು. ಎರಡು ಮೂರು ದಿನ ನಿದ್ದೆಯಿಲ್ಲ, ಹಲ್ಲು ಕಡಿಯುತ್ತಾರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ. ಇಪ್ಪತ್ತೈದರ ಹುಡುಗನಿಗೂ ಹೃದಯಾಘಾತವಾಗಬಹುದು. ಎದೆನೋವನ್ನು ಗ್ಯಾಸ್ಟ್ರಿಕ್ ಎನ್ನಬೇಡಿ. ಎಂಡಿಎಂಎಯಲ್ಲಿ ಮೈ ಬೆಂಕಿಯಾಗುತ್ತದೆ: ಒದ್ದೆ ಬಟ್ಟೆ, ಫ್ಯಾನ್, 108. ಬಿಂದಿಗೆಗಟ್ಟಲೆ ನೀರು ಕುಡಿಸಿದರೆ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ನಶೆ ಇಳಿದ ಎರಡು ಮೂರು ದಿನ ಮನಸ್ಸು ಪಾತಾಳ ಸೇರುತ್ತದೆ; ಆತ್ಮಹತ್ಯೆಯ ಯೋಚನೆ ಬರುವ ಹೊತ್ತದು, ಒಂಟಿಯಾಗಿ ಬಿಡಬೇಡಿ.

ಗಾಂಜಾ ‘ಗಿಡಮೂಲಿಕೆ’ ಎಂಬ ವಾದವಿದೆ, ಉಮ್ಮತ್ತಿಯೂ ಗಿಡವೇ. ಹದಿಹರೆಯದಲ್ಲಿ ಶುರುಮಾಡಿದವರಿಗೆ, ಮನೆತನದಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಚಿತ್ತವಿಕಲತೆಯ ಅಪಾಯ ಹೆಚ್ಚು. ತಿನ್ನುವ ಭಂಗಿ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ‘ಏನೂ ಆಗಲಿಲ್ಲ’ ಎಂದು ಮತ್ತೆ ತಿಂದವರೇ ಆಸ್ಪತ್ರೆಗೆ ಬರುವುದು. ವರ್ಷಗಟ್ಟಲೆ ಸೇದಿದವರಿಗೆ ಪದೇ ಪದೇ ವಾಂತಿ ಬಂದು ಬಿಸಿನೀರು ಸುರಿದುಕೊಂಡರೆ ಮಾತ್ರ ಆರಾಮ ಎನಿಸಿದರೆ, ಎಂಡೋಸ್ಕೋಪಿ ಮಾಡುವ ವೈದ್ಯರಿಗೆ ಗಾಂಜಾ ವಿಷಯ ಹೇಳಿ. ನಿಲ್ಲಿಸದೆ ಆ ವಾಂತಿ ನಿಲ್ಲುವುದಿಲ್ಲ.

ವೈಟ್ನರ್ ಮೂಸುತ್ತಿರುವ ಮಗುವನ್ನು ಕಂಡಾಗ ಕೂಗಾಡಿ ಅಟ್ಟಿಸಿಕೊಂಡು ಹೋಗಬೇಡಿ. ಟೊಲ್ಯೂನ್‌ನಂಥ ಆವಿ ಹೃದಯವನ್ನು ಸೂಕ್ಷ್ಮಗೊಳಿಸಿರುತ್ತದೆ. ಆ ಹೊತ್ತಿನಲ್ಲಿ ಹೆದರಿ ಓಡಿದರೆ ಮೊದಲ ಸಲವೇ ಆದರೂ ಹೃದಯ ನಿಲ್ಲಬಹುದು. ಮೆಲ್ಲಗೆ ಗಾಳಿಯಾಡುವಲ್ಲಿ ಕೂರಿಸಿ.

ಎಲ್ಲಿಗೆ ಹೋಗಬೇಕು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಫೋನಿನಲ್ಲಿ ಕೇಳಲು ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಪೊಲೀಸ್ ಭಯಕ್ಕೆ ಮನೆಯಲ್ಲೇ ಇಟ್ಟುಕೊಳ್ಳುವವರಿಗೆ: 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯ 64ಎ ಕಲಂ, ಸ್ವಂತ ಬಳಕೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುತ್ತದೆ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು. ಖಾಸಗಿ ಕೇಂದ್ರವಾದರೆ ನೋಂದಣಿ ಪತ್ರ ಕೇಳಿ, ಮನೋವೈದ್ಯರು ಬರುವ ದಿನ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಹಾಕುವುದಕ್ಕೆ ನಿಷೇಧವಿದೆ. ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವ ಕಡೆ ಸೇರಿಸಬೇಡಿ.

ಹೊರಡುವಾಗ ಚೀಟಿಯಲ್ಲಿ ಬರೆದುಕೊಳ್ಳಿ: ಪದಾರ್ಥದ ಹೆಸರು, ದಿನದ ಪ್ರಮಾಣ, ಎಷ್ಟು ವರ್ಷದಿಂದ, ಕೊನೆಯ ಸಲದ ದಿನ ಮತ್ತು ಗಂಟೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ. ಸ್ಟ್ರಿಪ್, ಬಾಟಲಿ ಕವರ್‌ನಲ್ಲಿ ಹಾಕಿಕೊಳ್ಳಿ. ವೈದ್ಯರು ಅಫೀಮು ಜಾತಿಯ ಚಟ ಬಿಡಿಸಲು ಬ್ಯುಪ್ರೆನಾರ್ಫಿನ್ ಬರೆದುಕೊಟ್ಟರೆ ಆ ಮಾತ್ರೆಯನ್ನು ಮನೆಯವರೇ ಬೀಗದೊಳಗಿಟ್ಟು ದಿನದಿನದ್ದು ಕೊಡಿ, ನಾಲಿಗೆಯ ಕೆಳಗೆ ಪೂರ್ತಿ ಕರಗುವವರೆಗೆ ಪಕ್ಕದಲ್ಲೇ ಕೂತಿರಿ.