ಹಳೆಯ ಕಾರಿಗೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸುವ ಮೊದಲು

1950–60ರ ದಶಕದ ಕಾರು ಖಾಲಿ ರಸ್ತೆಯಲ್ಲಿ ತಣ್ಣಗೇ ಓಡುತ್ತದೆ. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ ಮಾತ್ರ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಬೆಲ್ಟ್ ಫ್ಯಾನೂ ನಿಧಾನ, ವಾಟರ್ ಪಂಪೂ ನಿಧಾನ. ಇದಕ್ಕೆ ಹೆಚ್ಚಿನವರು ಮೊದಲು ತರುವುದು ಎಲೆಕ್ಟ್ರಿಕ್ ಫ್ಯಾನ್. ಆದರೆ ಅದೇ ಹೊತ್ತಿಗೆ ಬ್ಯಾಟರಿಗೆ ಕರೆಂಟ್ ತುಂಬುವ ಡೈನಮೊ ಕೂಡ ಚಾರ್ಜ್ ಮಾಡುವುದನ್ನು ನಿಲ್ಲಿಸಿರುತ್ತದೆ. ಲ್ಯೂಕಾಸ್ ಸಿ40 ಡೈನಮೊ ಒಳ್ಳೆಯ ವೇಗದಲ್ಲಿ ಕೊಡುವುದೇ 22 ಆಂಪಿಯರ್. ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ನಿಧಾನಕ್ಕೆ ತಿರುಗುವಾಗ, ಹೆಚ್ಚುಕಡಿಮೆ ಸೊನ್ನೆ. ಫ್ಯಾನಿಗೆ 10, ಹೆಡ್‌ಲೈಟಿಗೆ 9, ಇಗ್ನಿಷನ್‌ಗೆ 4, ವೈಪರಿಗೆ 3 ಎಂದು ಕೂಡಿಸಿದರೆ 26 ಆಗುತ್ತದೆ. ಉಳಿದದ್ದನ್ನು ಬ್ಯಾಟರಿ ತುಂಬಿಕೊಡಬೇಕು, ಅದು ಹೆಚ್ಚು ಹೊತ್ತು ತಾಳದು. ಹಾಗಾಗಿ ಮೊದಲು ನೀರಿನ ದಾರಿ ಸ್ವಚ್ಛ ಮಾಡಿ, ಆಮೇಲೆ ಚಾರ್ಜಿಂಗ್ ಮತ್ತು ವೈರಿಂಗ್ ನೋಡಿ. ಫ್ಯಾನ್ ಕೊನೆಗೆ.

ಎಂಜಿನ್ ತಣ್ಣಗಿರುವಾಗ ನೀರು ಇಳಿಸಿ. ತುಕ್ಕಿನ ಬಣ್ಣದ ನೀರು ಬಂದರೆ ರೇಡಿಯೇಟರ್ ಒಂದನ್ನೇ ತೊಳೆದು ಪ್ರಯೋಜನವಿಲ್ಲ. ಕೊಳೆ ಕೂತಿರುವುದು ಬ್ಲಾಕಿನೊಳಗೆ, ಅದರಲ್ಲೂ ಹಿಂದಿನ ಸಿಲಿಂಡರಿನ ಸುತ್ತ. ಬ್ಲಾಕಿನ ಡ್ರೇನ್ ಪ್ಲಗ್ ಬಿಚ್ಚಿದಾಗ ಎಷ್ಟೋ ಸಲ ಒಂದು ಹನಿಯೂ ಬರುವುದಿಲ್ಲ. ತೂತಿಗೆ ತಂತಿ ತೂರಿಸಿ ಕೆದಕಿದರೆ ಕರಿಗೆಂಪು ಕೆಸರು ಮುದ್ದೆಮುದ್ದೆಯಾಗಿ ಉದುರಿ, ಅದರ ಹಿಂದೆಯೇ ನೀರು ಬುಳಬುಳನೆ ಬರುತ್ತದೆ. ಆ ಕೆಸರು ಮೆತ್ತಿದ ಕಡೆ ನೀರು ಲೋಹವನ್ನು ಮುಟ್ಟುವುದೇ ಇಲ್ಲ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ) ತೆಗೆದು, ಅದರ ಬಾಯಿಯಿಂದ ಹಿಮ್ಮುಖವಾಗಿ ನೀರು ಬಿಟ್ಟು, ತಿಳಿಯಾಗುವವರೆಗೂ ತೊಳೆಯಿರಿ. ರೇಡಿಯೇಟರನ್ನು ಬಿಚ್ಚಿ, ತಲೆಕೆಳಗು ಮಾಡಿ, ಬೇರೆಯಾಗಿ ತೊಳೆಯಿರಿ.

ಮತ್ತೆ ಜೋಡಿಸಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ರೇಡಿಯೇಟರಿನ ಕೋರ್‌ನ (ಸಣ್ಣ ಕೊಳವೆಗಳಿರುವ ನಡುಭಾಗದ) ಉದ್ದಗಲಕ್ಕೂ ಅಳೆಯಿರಿ. ಬಿಸಿ ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಕಟ್ಟಿಕೊಂಡಿವೆ ಎಂದೇ ಅರ್ಥ. ಆಗ ಹಳೆಯ ಟ್ಯಾಂಕುಗಳನ್ನು ಉಳಿಸಿಕೊಂಡು ಹೊಸ ಕೋರ್ ಹಾಕಿಸುವುದೇ ಸರಿಯಾದ ಖರ್ಚು.

ಥರ್ಮೋಸ್ಟಾಟ್ ಇಲ್ಲದೆ ಓಡಿಸಬೇಡಿ. ಹಾಗೆ ಮಾಡಿದರೆ ಎಂಜಿನ್ ಬೇಗ ಬಿಸಿಗೆ ಬರುವುದಿಲ್ಲ, ಸವೆತ ಹೆಚ್ಚುತ್ತದೆ, ಮೂಲ ದೋಷವೂ ಮುಚ್ಚಿಹೋಗುತ್ತದೆ. 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವುದು ಬಹುಪಾಲು ಕಾರುಗಳಿಗೆ ಸಾಕು. ರೇಡಿಯೇಟರ್ ಕ್ಯಾಪ್ ಹಿಡಿದಿಡುವ ಒತ್ತಡದ ಒಂದೊಂದು ಪಿಎಸ್‌ಐಗೂ (ಚದರ ಇಂಚಿಗೆ ಪೌಂಡ್) ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ ನಿಜ. ಆದರೆ 7 ಪಿಎಸ್‌ಐಗೆ ಮಾಡಿದ ರೇಡಿಯೇಟರಿಗೆ 15ರ ಕ್ಯಾಪ್ ಹಾಕಿದರೆ ಬೆಸುಗೆಯೋ ಹೀಟರ್ ಕೋರೋ ಬಾಯಿಬಿಡುತ್ತದೆ. ಕೂಲಂಟ್ ಹಳೆಯ ಬಗೆಯ, ಸಿಲಿಕೇಟ್ ಇರುವ ಎಥಿಲೀನ್ ಗ್ಲೈಕಾಲ್ ಆಗಿರಲಿ. ಅರ್ಧ ಅದು, ಅರ್ಧ ಡಿಸ್ಟಿಲ್ಡ್ ವಾಟರ್, ಎರಡು ವರ್ಷಕ್ಕೊಮ್ಮೆ ಬದಲು. ದೀರ್ಘ ಬಾಳಿಕೆಯ ಹೊಸ ಕೂಲಂಟ್‌ಗಳಲ್ಲಿ ಕೆಲವು ಹಿತ್ತಾಳೆ ರೇಡಿಯೇಟರಿನ ಸೀಸದ ಬೆಸುಗೆಗೆ ಒಗ್ಗುವುದಿಲ್ಲ. ಇಗ್ನಿಷನ್ ಟೈಮಿಂಗನ್ನೂ ನೋಡಿಬಿಡಿ. ಕಿಡಿ ತಡವಾದರೆ ಎಷ್ಟು ದೊಡ್ಡ ರೇಡಿಯೇಟರ್ ಇದ್ದರೂ ಎಂಜಿನ್ ಕಾಯುತ್ತದೆ.

ಇನ್ನು ಡೈನಮೊ ಬದಲಿಗೆ ಹಾಕುವ, ಐಡ್ಲಿಂಗ್‌ನಲ್ಲೂ ಚಾರ್ಜ್ ಮಾಡುವ ಆಲ್ಟರ್ನೇಟರ್. 45 ಆಂಪಿಯರಿನದು ಧಾರಾಳವಾಯಿತು. ಬಿಚ್ಚುವ ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ನೋಡಿ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ತ್, ಅಂದರೆ ಬಾಡಿಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಹಾಗೇ ಬಿಟ್ಟು ಇಂದಿನ ಆಲ್ಟರ್ನೇಟರ್ ಜೋಡಿಸಿದರೆ ಡಯೋಡ್‌ಗಳು ಆ ಕ್ಷಣವೇ ಸುಡುತ್ತವೆ. ನೆಗೆಟಿವ್ ಅರ್ತ್‌ಗೆ ಬದಲಿಸಲು ಬ್ಯಾಟರಿ ತಿರುಗಿಸಿ, ಇಗ್ನಿಷನ್ ಕಾಯಿಲಿನ ಎರಡೂ ವೈರ್ ಅದಲುಬದಲು ಮಾಡಿ. ಸ್ಟಾರ್ಟರಿಗೆ ಏನೂ ಆಗದು. ಹಳೆಯ ರೇಡಿಯೊವನ್ನು ಮಾತ್ರ ಮೊದಲೇ ಕಳಚಿಡಿ.

ಹಳೆಯ ರೆಗ್ಯುಲೇಟರ್ ಪೆಟ್ಟಿಗೆಯ ವೈರುಗಳು ಈ ಕರೆಂಟಿಗೆ ಸಾಲವು. ಆಲ್ಟರ್ನೇಟರಿನಿಂದ ಸ್ಟಾರ್ಟರಿಗೆ ಕರೆಂಟ್ ಬಿಡುವ ಸೊಲೆನಾಯ್ಡಿನ ಬ್ಯಾಟರಿ ತುದಿಗೆ 6 ಚದರ ಮಿ.ಮೀ. ಕೇಬಲ್ ಹೊಸದಾಗಿ ಎಳೆಯಿರಿ, ಸೊಲೆನಾಯ್ಡಿನ ಹತ್ತಿರವೇ 60 ಆಂಪಿಯರ್ ಫ್ಯೂಸ್ ಇರಲಿ. ಇದಾದ ಮೇಲೆ ಡ್ಯಾಶ್‌ಬೋರ್ಡಿನ ಆಮೀಟರ್ ಚಾರ್ಜಿಂಗ್ ಲೆಕ್ಕ ಹೇಳದು, ವೋಲ್ಟ್‌ಮೀಟರ್ ಹಾಕಿಕೊಳ್ಳಿ. ಚಾರ್ಜಿಂಗ್ ಎಚ್ಚರಿಕೆ ದೀಪಕ್ಕೆ 2.2 ವ್ಯಾಟ್‌ನ ಮಾಮೂಲಿ ಬಲ್ಬೇ ಇರಲಿ. ಆಲ್ಟರ್ನೇಟರ್ ಎಚ್ಚೆತ್ತುಕೊಳ್ಳುವುದು ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದ. ಎಲ್‌ಇಡಿ ಹಾಕಿದರೆ ಚಾರ್ಜಿಂಗ್ ಶುರುವಾಗದೇ ಹೋಗಬಹುದು. ಬೆಲ್ಟಿನ ಉದ್ದನೆಯ ಭಾಗ ಹೆಬ್ಬೆರಳಿಗೆ ಸುಮಾರು 12 ಮಿ.ಮೀ. ಬಗ್ಗಬೇಕು.

ಅರ್ತ್ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅರ್ಧ ತೊಂದರೆ ಅಲ್ಲೇ ಇರುತ್ತದೆ. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ ನೋಡಲು ಗಟ್ಟಿಯಾಗಿದ್ದರೂ ಅದರ ಕಣ್ಣಿನ ಕೆಳಗೆ ಪೇಂಟು, ಹಸಿರು ಕಿಲುಬು ಸೇರಿರುತ್ತವೆ. ಲೋಹ ಹೊಳೆಯುವಂತೆ ಕೆರೆದು, ಬಿಗಿದು, ಮೇಲೆ ಗ್ರೀಸ್ ಸವರಿ. ಸ್ಟಾರ್ಟರ್ ತಿರುಗುವಾಗ ಬ್ಲಾಕ್ ಮತ್ತು ಬ್ಯಾಟರಿಯ ಅರ್ತ್ ತುದಿಯ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಹೆಡ್‌ಲೈಟಿಗೂ ಇದೇ ಪರೀಕ್ಷೆ: ಬಲ್ಬಿನ ಬಳಿಯ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟ್ ಮೀರಿ ಕಡಿಮೆಯಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಬೇಕು. ವೋಲ್ಟೇಜ್ ಶೇ. 10 ಕುಸಿದರೆ ಬೆಳಕು ಸುಮಾರು ಮೂರನೇ ಒಂದರಷ್ಟು ಕುಸಿಯುತ್ತದೆ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ. ಅದರ ತುದಿಗಳ ಮೇಲೆ ಬರೆದ ಸಂಖ್ಯೆಗಳಂತೆ: 30ಕ್ಕೆ 15 ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಬಲ್ಬು, 86ಕ್ಕೆ ಹಳೆಯ ಸ್ವಿಚ್ಚಿನ ವೈರ್, 85 ಅರ್ತ್. ಬಲ್ಬಿನ ದಾರಿಗೆ 2.5 ಚದರ ಮಿ.ಮೀ. ವೈರ್ ಸಾಕು.

ಈಗ ಫ್ಯಾನ್. ರೇಡಿಯೇಟರಿನ ಹಿಂದೆ ಜಾಗವಿದ್ದರೆ ಗಾಳಿ ಎಳೆಯುವ ಬಗೆಯದನ್ನೇ ಆರಿಸಿ, ಶ್ರೌಡ್ (ಕೋರ್‌ನ ಪೂರ್ತಿ ಅಗಲದ ಗಾಳಿಯನ್ನು ಫ್ಯಾನಿಗೆ ತರುವ ಕವಚ) ಸಮೇತ. ಕವಚವಿಲ್ಲದಿದ್ದರೆ ಫ್ಯಾನಿನ ಎದುರಿನ ವೃತ್ತದಷ್ಟೇ ಕೋರ್ ತಣ್ಣಗಾಗುತ್ತದೆ. ಕೋರ್‌ನೊಳಗೆ ತೂರಿಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಬೇಡವೇ ಬೇಡ. ಅದು ಅಲುಗಾಡಿ ಕೊಳವೆಯನ್ನೇ ತೂತು ಮಾಡುತ್ತದೆ. ಪಕ್ಕದ ಚೌಕಟ್ಟಿಗೆ ಬ್ರಾಕೆಟ್ ಕೊಡಿ. ಥರ್ಮಲ್ ಸ್ವಿಚ್ ಬಿಸಿನೀರು ಬರುವ ಮೇಲಿನ ಭಾಗದಲ್ಲಿರಲಿ, 92ಕ್ಕೆ ಆನ್, 87ಕ್ಕೆ ಆಫ್. ಆಫ್ ಆಗುವ ಬಿಂದು ಥರ್ಮೋಸ್ಟಾಟಿನ 82ಕ್ಕಿಂತ ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. 20 ಆಂಪಿಯರ್ ಫ್ಯೂಸ್ ಹಾಕಿ, ರಿಲೇ ಮೂಲಕವೇ ಕೊಡಿ. ನೇರ ಇಗ್ನಿಷನ್ ವೈರಿಗೆ ಸೇರಿಸಿದರೆ ಕೀ ತೆಗೆದ ಮೇಲೂ ತಿರುಗುತ್ತಿರುವ ಮೋಟಾರು ತಾನೇ ಕರೆಂಟ್ ಹುಟ್ಟಿಸಿ, ಎಂಜಿನ್ ಒಂದೆರಡು ಕ್ಷಣ ನಿಲ್ಲದೆ ಓಡುತ್ತದೆ.

ಎಲ್ಲ ಮುಗಿದ ಮೇಲೆ ಹೆಡ್‌ಲೈಟ್ ಹಾಕಿ, ಬಯಲಿನಲ್ಲಿ 20 ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಫ್ಯಾನ್ ಹತ್ತಬೇಕು, ನಿಲ್ಲಬೇಕು, ಮತ್ತೆ ಹತ್ತಬೇಕು. ಹತ್ತಿದಾಗಲೂ ಬ್ಯಾಟರಿಯ ತುದಿಯಲ್ಲಿ 13 ವೋಲ್ಟ್‌ಗಿಂತ ಮೇಲಿರಬೇಕು. ಎಂಜಿನ್ ಆರಿಸಿದ ಕೂಡಲೇ ಪ್ರತಿ ಹೊಸ ಜಾಯಿಂಟನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಬಿಸಿಯಾದದ್ದನ್ನು ಮತ್ತೆ ಕ್ರಿಂಪ್ ಮಾಡಿ.