ನಾಲ್ಕೂವರೆ ಸಾವಿರ ರೂಪಾಯಿಯ ಕ್ರಿಸ್ಮಸ್

2023ರ ಸೆಪ್ಟೆಂಬರಿನಲ್ಲಿ ನಮ್ಮ ಮನೆಯವರು ಗಲ್ಫಿನಿಂದ ವಾಪಸು ಬಂದರು. ಅವರು ದುಡಿಯುತ್ತಿದ್ದ ಕಂಪನಿ ನಾಲ್ಕು ತಿಂಗಳ ಸಂಬಳ ಬಾಕಿ ಇಟ್ಟುಕೊಂಡು, ಕೈಗೆ ಟಿಕೆಟ್ ಕೊಟ್ಟು ಕಳಿಸಿತ್ತು. ನಮ್ಮದು ಮೂಡುಬಿದಿರೆ ಕಡೆಯ ಒಂದು ಹಳ್ಳಿ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗನಿಗೆ ಆಗ ಹನ್ನೆರಡು, ಮಗಳಿಗೆ ಎಂಟು. ಜೊತೆಗೆ ಮಾಂಯ್, ಅಂದರೆ ನನ್ನ ಅತ್ತೆ. ಶಾಲೆಯ ಫೀಸು, ಸೊಸೈಟಿಯ ಸಾಲದ ಕಂತು ಕಳೆದು ಹಬ್ಬಕ್ಕೆಂದು ತೆಗೆದಿಡಲು ಆದದ್ದು 4,500 ರೂಪಾಯಿ. ಹಿಂದಿನ ವರ್ಷ ಬಟ್ಟೆಯ ಅಂಗಡಿಯೊಂದರಲ್ಲೇ ಅದಕ್ಕಿಂತ ಹೆಚ್ಚು ಬಿಲ್ಲಾಗಿತ್ತು.

ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಒಂದು ವಾರ ತೂಗಿದೆ. ಕೊನೆಗೆ ನವೆಂಬರಿನ ಒಂದು ರಾತ್ರಿ, ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಚಾಪೆಯಲ್ಲಿ ಕುಳಿತಿದ್ದಾಗಲೇ ಲೆಕ್ಕವನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ನಡುವೆ ಇಟ್ಟೆ. ಒಬ್ಬೊಬ್ಬರೂ ಒಂದೊಂದು ಹೇಳಿ, ಯಾವುದು ಇಲ್ಲದಿದ್ದರೆ ನಿಮಗೆ ಕ್ರಿಸ್ಮಸ್ ಅನ್ನಿಸುವುದಿಲ್ಲ ಎಂದು ಕೇಳಿದೆ. ಮಗ ನಕ್ಷತ್ರ ಎಂದ. ಮಗಳು ಗೋದಲಿ ಎಂದಳು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಇವರು ಹಬ್ಬದ ದಿನದ ಸಾನ್ನಾ (ಹುದುಗಿಸಿದ ಅಕ್ಕಿಹಿಟ್ಟಿನ ಇಡ್ಲಿಯಂಥ ತಿಂಡಿ) ಮತ್ತು ಹಂದಿ ಬಫಾತ್ (ಮಸಾಲೆಯ ಮಾಂಸದ ಸಾರು) ಎಂದರು. ಆರು ವರ್ಷದಲ್ಲಿ ಎರಡೇ ಕ್ರಿಸ್ಮಸ್ ಮನೆಯಲ್ಲಿ ಕಂಡವರು, ಅದನ್ನು ಕೇಳಿ ನನಗೆ ಕಣ್ಣು ತುಂಬಿತು. ಮಾಂಯ್ ಮಾತ್ರ ತಡೆದು, "ಹನ್ನೊಂದು ಮನೆಗೆ ಕುಸ್ವಾರ್ ಹೋಗಬೇಕು. ಉಳಿದದ್ದು ಏನಾದರೂ ಮಾಡಿ" ಎಂದರು. ಕುಸ್ವಾರ್ ಅಂದರೆ ಕ್ರಿಸ್ಮಸ್‌ಗೆ ಮಾಡಿ ನೆರೆಮನೆಗಳಿಗೆ ಹಂಚುವ ತಿಂಡಿಗಳು. ನಾನು ಮಕ್ಕಳ ಹೊಸ ಬಟ್ಟೆ ಎಂದೆ. ಪ್ಲಮ್ ಕೇಕ್ ಎಂದು ಯಾರೂ ಹೇಳಲಿಲ್ಲ. ಸೀರಿಯಲ್ ಲೈಟ್ ಎಂದೂ ಹೇಳಲಿಲ್ಲ. ಪ್ರತಿವರ್ಷ ಇವೆರಡಕ್ಕೆ ನಾವು ಸುರಿಯುತ್ತಿದ್ದ ಹಣ ನೆನಪಾಗಿ, ಎರಡನ್ನೂ ಆ ಹಾಳೆಯಲ್ಲಿ ಹೊಡೆದು ಹಾಕಿದೆ.

ಆ ವರ್ಷ ಡಿಸೆಂಬರ್ 24 ಭಾನುವಾರ ಬಿದ್ದಿತ್ತು. ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ತಯಾರಿಯ ಕಾಲದ, ನಾಲ್ಕನೇ ಭಾನುವಾರವೂ ಅದೇ, ಹಬ್ಬದ ಜಾಗರಣೆಯೂ ಅದೇ ದಿನ. ಡಿಸೆಂಬರ್ 3ಕ್ಕೆ ಆಗಮನ ಕಾಲ ಆರಂಭ; ನಮಗೆ ಸಿಕ್ಕಿದ್ದು ಸರಿಯಾಗಿ ಮೂರು ವಾರ. ದುಡ್ಡು ಕಡಿಮೆ ಇದ್ದಾಗ ದಿನ ಹೆಚ್ಚು ಬೇಕಾಗುತ್ತದೆ. ಕೊನೆಯ ಎರಡು ದಿನಕ್ಕೆ ಬಿಟ್ಟ ಕೆಲಸವೆಲ್ಲ ಅಂಗಡಿಗೇ ಹೋಗುತ್ತದೆ ಎಂಬುದು ನನಗೆ ಆ ವರ್ಷ ಚೆನ್ನಾಗಿ ಗೊತ್ತಾಯಿತು.

ಕುಸ್ವಾರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಉಳಿಸಿದ್ದು ಅಲ್ಲಿ. ನಮ್ಮ ಕಡೆ ತಟ್ಟೆಯಲ್ಲಿ ಏಳೆಂಟು ಬಗೆ ಇರಬೇಕೆಂಬ ಹಟ ಉಂಟು. ಅದರಲ್ಲಿ ಗೇರುಬೀಜದ ಮಕರೂಮ್, ದ್ರಾಕ್ಷಿ–ಗೇರುಬೀಜ ತುಂಬಿದ ನೆವ್ರಿ, ಇವು ಕೈ ಸುಡುವಂಥವು. ಅಕ್ಕಿ ಮತ್ತು ತೆಂಗಿನಕಾಯಿಯಿಂದ ಆಗುವ ತಿಂಡಿಗಳಿಗೆ ಖರ್ಚೇ ಇಲ್ಲ ಅನ್ನಬಹುದು. ನಮ್ಮಲ್ಲಿ ಆರು ತೆಂಗಿನಮರ ಉಂಟು, ಒಣಗಿಸಿದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿದ್ದೆವು. ಹಾಗಾಗಿ ಮೂರೇ ಬಗೆ ಮಾಡುವುದೆಂದು ತೀರ್ಮಾನವಾಯಿತು: ಕೊಕ್ಕಿಸಾಂ (ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವುದು), ಕಿಡಿಯೊ (ಹಿಟ್ಟಿನ ಸಣ್ಣ ಸುರುಳಿ), ತುಕ್ಡಿ (ಶಂಕರಪೋಳಿಯಂಥದ್ದು). ಮೈದಾ, ಸಕ್ಕರೆ, ಮೊಟ್ಟೆ, ಕರಿ ಎಳ್ಳು, ಬೆಳ್ತಿಗೆ ಅಕ್ಕಿ ಎಲ್ಲ ಸೇರಿ ಸುಮಾರು 1,100 ರೂಪಾಯಿ. ಗ್ಯಾಸ್ ಮುಟ್ಟಲಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು, ತೆಂಗಿನ ಸಿಪ್ಪೆ, ಗೆರಟೆ ಹಾಕಿ ಬೆಂಕಿ ಮಾಡಿದೆವು.

ಡಿಸೆಂಬರ್ 16, ಶನಿವಾರ. ಬೆಳ್ತಿಗೆ ಅಕ್ಕಿಯನ್ನು ನೆನೆಹಾಕಿ, ಕಾಯಿಹಾಲಿನಲ್ಲೇ ನುಣ್ಣಗೆ ಅರೆದು, ಮೊಟ್ಟೆ, ಸಕ್ಕರೆ, ಎಳ್ಳು, ಒಂದು ಮುಷ್ಟಿ ಮೈದಾ ಸೇರಿಸಿದ್ದೆ. ಹಿಟ್ಟು ನೀರುದೋಸೆಯದಕ್ಕಿಂತ ತುಸು ದಪ್ಪ ಇರಬೇಕು. ಆದರೆ ಕೊಕ್ಕಿಸಾಂ ಅಚ್ಚನ್ನು ಹೊಳೆಯಲಿ ಎಂದು ನಾನು ಹಿಂದಿನ ದಿನ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದಿದ್ದೆ. ಮೊದಲ ಹತ್ತು ಹೂವೂ ಅಚ್ಚು ಬಿಡಲಿಲ್ಲ. ಚಾಕುವಿನಲ್ಲಿ ಕೆರೆದರೆ ಪುಡಿಪುಡಿ. ಒಂದೊಂದು ಮೊಟ್ಟೆಯನ್ನೂ ಲೆಕ್ಕ ಹಾಕಿ ತಂದಿದ್ದ ದಿನ ಅದು, ನನಗೆ ಅಳುವೇ ಬಂತು. ಮಾಂಯ್ ಹೊರಗೆ ಬಂದು ನೋಡಿ, "ಇಷ್ಟು ವರ್ಷ ಕುಡಿದ ಎಣ್ಣೆಯನ್ನೆಲ್ಲ ತೊಳೆದುಬಿಟ್ಟೆಯಾ ಬಾಯೆ? ಅಚ್ಚನ್ನು ಎಣ್ಣೆಯಲ್ಲೇ ಬಿಡು, ಅದು ಕಾಯಲಿ" ಎಂದರು. ಕಾಲು ಗಂಟೆ ಬಾಣಲೆಯಲ್ಲೇ ಬಿಟ್ಟೆ. ಆಮೇಲೆ ಕಾದ ಅಚ್ಚನ್ನು ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು; ಮೇಲಿನ ಅಂಚು ಮುಳುಗಿದರೆ ಹಿಟ್ಟು ಅಚ್ಚನ್ನು ಅಪ್ಪಿ ಹಿಡಿದುಕೊಳ್ಳುತ್ತದೆ. ಅದ್ದಿದ ಕೂಡಲೇ ಚುಂಯ್ ಅನ್ನುತ್ತದೆ, ಎಣ್ಣೆಗೆ ಇಳಿಸಿ ಅರೆ ಕ್ಷಣ ಹಿಡಿದು ಮೆಲ್ಲ ಅಲುಗಿಸಿದರೆ ಹೂವು ತಾನೇ ಕಳಚಿ ತೇಲುತ್ತದೆ. ಹನ್ನೊಂದನೆಯದು ಹಾಗೆ ತೇಲಿದಾಗ ಮಗಳು ಚಪ್ಪಾಳೆ ಹೊಡೆದಳು. ಮರುದಿನ ಮಕ್ಕಳಿಬ್ಬರೂ ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆಯೊತ್ತಿ ಸುರುಳಿ ಮಾಡುತ್ತಾ ಕಿಡಿಯೊಗೆ ಕೂತರು. ಇವರು ಕರಿದರು. ಮನೆಯವರು ಕುಸ್ವಾರ್ ಕರಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಕ್ಷತ್ರಕ್ಕೆ ಬಿದಿರು ತೋಟದ ಬದಿಯಲ್ಲೇ ಇತ್ತು. ಒಂದೇ ಅಳತೆಯ ಹತ್ತು ಸೀಳು, ಐದೈದು ಕಟ್ಟಿ ಎರಡು ನಕ್ಷತ್ರ. ಅವೆರಡನ್ನು ಮುಖಾಮುಖಿ ಇಟ್ಟು ತುದಿಗಳನ್ನು ಬಿಗಿದು, ನಡುವಿನ ಐದು ಸಂದಿಗಳಿಗೆ ಗೇಣುದ್ದದ ಕಡ್ಡಿ ಕೊಟ್ಟರೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಅಂಟಿಗೆ ಮೈದಾ ಕುದಿಸಿ ಚಿಟಿಕೆ ಮೈಲುತುತ್ತು ಹಾಕಿದೆವು, ಜಿರಳೆ ಮುಟ್ಟದಿರಲಿ ಎಂದು. ಅದು ವಿಷ, ಆ ಕೆಲಸ ದೊಡ್ಡವರೇ ಮಾಡಬೇಕು. ಬಣ್ಣದ ಕಾಗದಕ್ಕೆ, ದಾರಕ್ಕೆ 120 ರೂಪಾಯಿ. ಅಪ್ಪ ಮಗ ಇಬ್ಬರೂ ಮೂರು ಸಂಜೆ ಜಗಲಿಯಲ್ಲಿ ಕೂತು ಮಾಡಿದರು.

ಗೋದಲಿಗೆ ಒಂದು ರೂಪಾಯಿಯೂ ಆಗಲಿಲ್ಲ. ಡಿಸೆಂಬರ್ 12ಕ್ಕೆ ರಾಗಿ ನೆನೆಸಿ, ಒಂದು ದಿನ ಬಟ್ಟೆಯಲ್ಲಿ ಕಟ್ಟಿಟ್ಟು, ಅಡಿಕೆ ಹಾಳೆಯಲ್ಲಿ ಮಣ್ಣು ಹರಡಿ ಬಿತ್ತಿದೆವು. ಎರಡು ದಿನ ಬುಟ್ಟಿ ಕವುಚಿಟ್ಟು, ಆಮೇಲೆ ಬೆಳಕಿಗೆ. 24ಕ್ಕೆ ಬೆರಳುದ್ದದ ಹಸಿರು ಗದ್ದೆ. ಜೊತೆಗೆ ಹಳೆಯ ಪದ್ಧತಿಯೊಂದನ್ನು ಮಾಂಯ್ ನೆನಪಿಸಿದರು: ಆಗಮನ ಕಾಲದಲ್ಲಿ ಒಂದೊಂದು ಒಳ್ಳೆಯ ಕೆಲಸ ಮಾಡಿದಾಗಲೂ ಮಗು ಯೇಸುವಿನ ಹಾಸಿಗೆಗೆ ಒಂದು ಎಳೆ ಬೈಹುಲ್ಲು. ಮಕ್ಕಳು ಪಕ್ಕದ ಮನೆಯಿಂದ ಒಂದು ಹಿಡಿ ಹುಲ್ಲು ತಂದು ಬಾಗಿಲ ಬಳಿ ಇಟ್ಟುಕೊಂಡರು. ಒಂದು ದಿನ ಇವರೂ ಸದ್ದಿಲ್ಲದೆ ಒಂದು ಎಳೆ ಹಾಕಿದ್ದನ್ನು ನೋಡಿದೆ, ಏಕೆ ಎಂದು ಕೇಳಲಿಲ್ಲ. ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ಮಸ್ ರಾತ್ರಿ ಗೋದಲಿ ಮಾಡಿಸಿ ಆ ವರ್ಷಕ್ಕೆ ಸರಿಯಾಗಿ 800 ವರ್ಷ. ಅವರು ತರಿಸಿದ್ದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಕಿವಿ ಮುರಿದ ನಮ್ಮ ಮಣ್ಣಿನ ಕತ್ತೆಯನ್ನು ಮಗಳಿಗೆ ತೋರಿಸಿ ಈ ಕತೆ ಹೇಳಿದೆ.

ಬಟ್ಟೆಯ ಬಗ್ಗೆ ಹೊಲಿಗೆ ಬಲ್ಲವರಿಗೆ ಒಂದು ಮಾತು. ಹಳೆ ಸೀರೆಯಲ್ಲಿ ಒಳಸುತ್ತಿನ ಭಾಗ, ಅಂದರೆ ಮೊದಲು ಸೊಂಟಕ್ಕೆ ಸಿಕ್ಕಿಸುವ ಒಂದು ಮೀಟರು, ಬಣ್ಣ ಮಾಸಿರುವುದಿಲ್ಲ. ನನ್ನ ನಿಶ್ಚಿತಾರ್ಥದ ಸೀರೆಯ ಆ ಭಾಗದಿಂದ ಫ್ರಾಕಿನ ನೆರಿಗೆ, ಸೆರಗಿನಿಂದ ಮೇಲಿನ ಭಾಗ ತೆಗೆದೆ. ಲೈನಿಂಗ್, ಜಿಪ್, ಮಗನ ಅಂಗಿಯ ಬಟ್ಟೆ ಸೇರಿ 600 ರೂಪಾಯಿ. ಡಿಸೆಂಬರಿನಲ್ಲಿ ಬೇರೆಯವರ ಬಟ್ಟೆಗಳೇ ರಾಶಿ ಇದ್ದುದರಿಂದ ಇದನ್ನು ರಾತ್ರಿ ಹನ್ನೊಂದರ ಮೇಲೆ ಹೊಲಿದೆ.

24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆಯೇ ಮಗು ಯೇಸುವನ್ನು ಹುಲ್ಲಿನ ಮೇಲೆ ಮಲಗಿಸಿದ್ದು. 25ಕ್ಕೆ ಬಫಾತ್, ಸಾನ್ನಾ; ಮಾಂಸಕ್ಕೂ ಉಳಿದ ಸಾಮಾನಿಗೂ 1,300. ಇಗರ್ಜಿಯ (ಚರ್ಚಿನ) ಕಾಣಿಕೆಗೂ ಕ್ಯಾರಲ್ ಹಾಡಲು ಬಂದ ಯುವಕರಿಗೂ ಸೇರಿ 500 ಮೊದಲೇ ತೆಗೆದಿಟ್ಟಿದ್ದೆ, ಕೊಡುವಾಗ ಕೈ ನಡುಗಬಾರದು ಎಂದು.

ಸಂಜೆ ಹನ್ನೊಂದು ತಟ್ಟೆ. ಮೂರೇ ಬಗೆ ಎಂದು ನನಗೆ ಸಂಕೋಚ. ಕೆಳಗಿನ ಮನೆಯ ಅಜ್ಜಿ ಬೇಲಿಯ ಹತ್ತಿರವೇ ಕಾಯುತ್ತಿದ್ದರು. ಇವರ ಕೆಲಸ ಹೋದ ಸುದ್ದಿ ಅವರಿಗೆ ಗೊತ್ತಿತ್ತು. "ಈ ವರ್ಸ ಕುಸ್ವಾರ್ ಇಜ್ಜಾ (ಇಲ್ಲವಾ) ಬಾಯಮ್ಮ ಅಂತ ಕೇಳಲು ನಾಚಿಕೆ ಆಯಿತು ನನಗೆ" ಎಂದು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ದೀಪಾವಳಿಗೆ ಅವಲಕ್ಕಿ ಕೊಟ್ಟವರು ಅವರು. ಪೆರ್ನಾಲಿಗೆ (ಈದ್ ಹಬ್ಬಕ್ಕೆ) ನೈಚೋರು (ತುಪ್ಪದನ್ನ) ಕಳಿಸುವ ಆಚೆ ಮನೆಯ ತಾಯಿ ಕೊಕ್ಕಿಸಾಂ ಮುರಿದು ಬಾಯಿಗೆ ಹಾಕಿಕೊಂಡು, ಅಚ್ಚು ಒಂದು ದಿನಕ್ಕೆ ಕೊಡುತ್ತೀರಾ ಎಂದು ಕೇಳಿದರು. ಕೊಟ್ಟೆ, ಸೋಪು ಹಾಕಬೇಡಿ ಎಂದು ಹೇಳಿ.

ಜನವರಿ 7ರ ಭಾನುವಾರ, ಮೂವರು ರಾಜರ ಹಬ್ಬ ಮುಗಿದ ಮೇಲೆ ಗೋದಲಿ ಬಿಚ್ಚಿದೆವು. ರಾಗಿ ಸಸಿ ಕೆಳಗಿನ ಮನೆಯ ಕರುವಿಗೆ ಹೋಯಿತು. ಹುಲ್ಲನ್ನೂ ಕೊಡೋಣ ಎಂದರೆ ಮಗಳು ಒಪ್ಪಲಿಲ್ಲ. ಎಳೆ ಎಳೆಯಾಗಿ ಎಣಿಸಿದಳು, ನೂರ ಹದಿನಾಲ್ಕು. ಕಾಗದದಲ್ಲಿ ಸುತ್ತಿ, ಕಿವಿ ಮುರಿದ ಕತ್ತೆಯ ಪಕ್ಕದಲ್ಲಿ ಪೆಟ್ಟಿಗೆಯೊಳಗೆ ಇಟ್ಟಳು.